ಗದ್ದಲವೂ ಹಾಡಿನದೇ ಪಾಲು

ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಇಟಲಿಯ ಪೊಂಪೇ ನಗರದಲ್ಲಿ ರೋಮನ್ನರ ಕಾಲದ ಬಯಲು ರಂಗಮಂದಿರವೊಂದಿದೆ. 1971ರ ಅಕ್ಟೋಬರಿನಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ರಾಕ್ ತಂಡ ಅಲ್ಲಿ ತನ್ನ ವಾದ್ಯಗಳನ್ನೆಲ್ಲ ಹೂಡಿ ಹಾಡಿತು. ಕೇಳುಗರನ್ನು ಕರೆದಿರಲಿಲ್ಲ. ಕಲ್ಲಿನ ಮೆಟ್ಟಿಲುಗಳೆಲ್ಲ ಖಾಲಿ. ಅಲ್ಲಿನ ಕರೆಂಟು ಸಾಲದೆ ಪುರಭವನದಿಂದ ಉದ್ದಕ್ಕೆ ಕೇಬಲ್ ಎಳೆದು ತರಬೇಕಾಯಿತು. ಆದ್ರಿಯನ್ ಮೇಬೆನ್ ಅದನ್ನು ಚಿತ್ರೀಕರಿಸಿದರು. ಮುಂದೆ ಕೆಲವು ರೀಲುಗಳು ಕಳೆದುಹೋದವು. ಹಾಗಾಗಿ ಒಂದು ಹಾಡಿನ ತುಂಬ ಡ್ರಮ್ ಬಾರಿಸುವ ನಿಕ್ ಮೇಸನ್ ಅವರೇ ಕಾಣುತ್ತಾರೆ, ಉಳಿದವರು ಇದ್ದೂ ಇಲ್ಲದಂತೆ. 1972ರಲ್ಲಿ ತೆರೆಕಂಡ ಈ ಚಿತ್ರವನ್ನು ರಾಕ್ ಅಭಿಮಾನಿಗಳು ಸವೆದ ಪ್ರಿಂಟುಗಳಲ್ಲಿ, ಮಸುಕಾದ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಐವತ್ತು ವರ್ಷ ನೋಡುತ್ತ ಬಂದರು.

2025ರ ಏಪ್ರಿಲ್‌ನಲ್ಲಿ ಅದೇ ಚಿತ್ರ ಹೊಸದಾಗಿ ಚಿತ್ರಮಂದಿರಗಳಿಗೆ ಬಂತು. ತಂಡದ ಸ್ವಂತ ಸಂಗ್ರಹದಲ್ಲಿ ಹೆಸರು ಸರಿಯಾಗಿ ಬರೆಯದ ಐದು ಡಬ್ಬಿಗಳಲ್ಲಿ ಮೂಲ 35 ಎಂಎಂ ನೆಗೆಟಿವ್ ಸಿಕ್ಕಿತ್ತು. ಅದನ್ನು ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ ಶುಚಿಗೊಳಿಸಿದರು. ಧ್ವನಿಯನ್ನು ಸ್ಟೀವನ್ ವಿಲ್ಸನ್ ಹೊಸದಾಗಿ ಹದಗೊಳಿಸಿದರು. ಅಭಿಮಾನಿಗಳು ಇದನ್ನು ಹೊಗಳಿದ್ದರ ಹಿಂದೆ ಒಂದು ನೋವಿನ ಕಾರಣವೂ ಇತ್ತು. 2003ರಲ್ಲಿ ಡಿವಿಡಿ ಬಂದಾಗ ನಿರ್ದೇಶಕ ಮೇಬೆನ್ ಅವರೇ ಚಿತ್ರದೊಳಗೆ ಕಂಪ್ಯೂಟರಿನಲ್ಲಿ ಕಟ್ಟಿದ ಪೊಂಪೇ ನಗರವನ್ನೂ ಆಕಾಶಕಾಯಗಳ ದೃಶ್ಯಗಳನ್ನೂ ತುರುಕಿದ್ದರು. ಚಿತ್ರ ಮಾಡಿದವರೇ ಸೇರಿಸಿದ್ದರೂ ಹಲವು ಅಭಿಮಾನಿಗಳು ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು 1971ರ ಬಿಸಿಲು, ಧೂಳು, ಖಾಲಿ ಮೆಟ್ಟಿಲು. ಇನ್ನಷ್ಟು ಸ್ಪಷ್ಟವಾಗಿ ಬೇಕು, ಆದರೆ ಅದೇ ಬೇಕು.

ದೂರದ ಇಟಲಿಯ ಈ ಜಗಳವನ್ನು ನಾನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಅಟ್ಟಗಳ ಮೇಲೆ, ಟ್ರಂಕುಗಳೊಳಗೆ ಇಂಥದೇ ಸಾಮಗ್ರಿ ಬಿದ್ದಿದೆ. ಸಣ್ಣಾಟ, ಗೀಗೀ ಪದ, ಭಜನೆ, ಚೌಡಿಕೆ ಪದ, ಕಂಪನಿ ನಾಟಕದ ಹಾಡು — ಜಾತ್ರೆಯಲ್ಲಿ, ಉರುಸಿನಲ್ಲಿ, ಮದುವೆ ಹಂದರದಲ್ಲಿ ಯಾರೋ ಟೇಪ್‌ರೆಕಾರ್ಡರ್ ಹಿಡಿದು ಕೂತು ತುಂಬಿಕೊಂಡ ಕ್ಯಾಸೆಟ್ಟುಗಳು, ಮುಂದೆ ವಿಡಿಯೊ ಕ್ಯಾಮೆರಾ ಬಂದ ಮೇಲೆ ತೆಗೆದ ವಿಎಚ್‌ಎಸ್ ಟೇಪುಗಳು. ಈಗ ಮನೆಯ ಹುಡುಗರು ಅವನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲ್ ಆ್ಯಪ್ ಹಾಕಿ ‘ಕ್ಲೀನ್’ ಮಾಡುತ್ತಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದಾರೆ. ಹಾಗೆ ಮಾಡುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಈಗಲೇ ಮಾತಾಡಿಕೊಳ್ಳಬೇಕು.

ಮೊದಲು ಚಿತ್ರದ ವಿಷಯ. ರಾಕ್ ಕಛೇರಿಗಳಲ್ಲಿ ಕೆಲವು ಮಾತ್ರ ಇವತ್ತಿನ ದೊಡ್ಡ ಪರದೆಯ ಮೇಲೆ ಹೊಳೆಯುವುದಕ್ಕೆ ಸರಳ ಕಾರಣವಿದೆ. ಪೊಂಪೇ ಚಿತ್ರವನ್ನು ಫಿಲ್ಮಿನ ಮೇಲೆ ತೆಗೆದಿದ್ದರು. ಕ್ವೀನ್ ತಂಡ 1981ರ ನವೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ನಡೆಸಿದ ಕಛೇರಿಯೂ, ಟಾಕಿಂಗ್ ಹೆಡ್ಸ್ ತಂಡ 1983ರ ಡಿಸೆಂಬರಿನಲ್ಲಿ ಹಾಲಿವುಡ್ಡಿನಲ್ಲಿ ಹಾಡಿದ್ದೂ ಫಿಲ್ಮಿನಲ್ಲೇ ಇವೆ. 35 ಎಂಎಂ ನೆಗೆಟಿವ್‌ನಲ್ಲಿ ಅಂದಿನ ಪರದೆಗಳು ತೋರಿಸಲಾಗದಷ್ಟು ವಿವರ ಅಡಗಿರುತ್ತದೆ. ಒಳ್ಳೆಯ ಸ್ಕ್ಯಾನರ್ ಅದನ್ನು ಹೊರತೆಗೆಯುತ್ತದೆ, ಅಷ್ಟೆ. ಟಿವಿಗಾಗಿ ವಿಡಿಯೊ ಟೇಪಿನ ಮೇಲೆ ತೆಗೆದದ್ದು ಹಾಗಲ್ಲ. 1985ರ ಜುಲೈ 13ರ ‘ಲೈವ್ ಏಡ್’ ಕಛೇರಿಯ ಲಂಡನ್ ಭಾಗ ಟಿವಿಯ ಲೆಕ್ಕಕ್ಕೇ ಕಟ್ಟುಬಿದ್ದಿದೆ. ನಮ್ಮ ದೂರದರ್ಶನದ ಪದ್ಧತಿಯೂ ಅದೇ: 625 ಗೆರೆ, ಅದರಲ್ಲಿ ಚಿತ್ರಕ್ಕೆ ಸಿಗುವುದು 576. ಮನೆಯ ವಿಎಚ್‌ಎಸ್ ಟೇಪಿನಲ್ಲಿ ಅಡ್ಡಕ್ಕೆ ಸಿಗುವ ವಿವರ ಇನ್ನೂ ಕಡಿಮೆ, ಸುಮಾರು 240 ಗೆರೆ. ಇವತ್ತಿನ 4ಕೆ ಪರದೆ ಕೇಳುವುದು ಎರಡು ಸಾವಿರಕ್ಕೂ ಹೆಚ್ಚು ಗೆರೆಗಳನ್ನು.

ಹಾಗಾದರೆ ಹಳೆಯ ವಿಎಚ್‌ಎಸ್‌ನಿಂದ ‘4ಕೆ ಮಾಡಿದ್ದೇನೆ’ ಅನ್ನುವವರು ಉಳಿದ ಗೆರೆಗಳನ್ನು ಎಲ್ಲಿಂದ ತಂದರು? ಕೃತಕ ಬುದ್ಧಿಮತ್ತೆಯ ತಂತ್ರಾಂಶ ಲಕ್ಷಗಟ್ಟಲೆ ಬೇರೆ ಚಿತ್ರಗಳನ್ನು ನೋಡಿ ಕಲಿತದ್ದರಿಂದ, ಇಲ್ಲಿ ಕಣ್ಣು ಹೀಗಿದ್ದೀತು, ಇಲ್ಲಿ ಹುಬ್ಬು ಹೀಗಿದ್ದೀತು ಎಂದು ಊಹಿಸಿ ಬರೆಯುತ್ತದೆ. ರಂಗದ ಮೇಲಿನ ದೊಡ್ಡ ಮುಖಕ್ಕೆ ಇದರಿಂದ ಹೆಚ್ಚು ಹಾನಿಯಾಗಲಿಕ್ಕಿಲ್ಲ. ಹಿಂದೆ, ಕತ್ತಲಲ್ಲಿ, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಆಟ ನೋಡುತ್ತಿರುವ ಮನುಷ್ಯನ ಮುಖವಿದೆಯಲ್ಲ, ಅದು ಟೇಪಿನಲ್ಲಿ ಹತ್ತಾರು ಚುಕ್ಕೆಗಳಷ್ಟೇ. ತಂತ್ರಾಂಶ ಆ ಚುಕ್ಕೆಗಳ ಜಾಗದಲ್ಲಿ ಯಾರದೋ ಮುಖ ಕೂರಿಸುತ್ತದೆ. ಲಂಡನ್ನಿನ ಕಛೇರಿಯಲ್ಲಿ ಎಪ್ಪತ್ತು ಸಾವಿರ ಜನರ ನಡುವೆ ಅದನ್ನು ಗುರುತಿಸುವವರು ಯಾರು? ಸಣ್ಣಾಟದ ಟೇಪಿನಲ್ಲಿ ಹಾಗಲ್ಲ. ಅಲ್ಲಿ ಕೂತವರು ಒಂದೇ ಊರಿನವರು. ಆ ಚುಕ್ಕೆಗಳನ್ನು ನೋಡಿಯೇ ‘ಅಂವ ನಮ್ಮ ಮುತ್ಯಾ’ ಅಂತ ಹೇಳುವ ಮೊಮ್ಮಗಳು ಇವತ್ತಿಗೂ ಇದ್ದಾಳೆ. ನಿಂತ ಭಂಗಿ, ರುಮಾಲು ಸುತ್ತಿದ ರೀತಿ ಅವಳಿಗೆ ಸಾಕು. ಆಕೆಯ ಮುತ್ಯಾನಿಗೆ ಬೇರೆಯವನ ಕಣ್ಣು ಹಚ್ಚುವುದನ್ನು ನಾನು ದುರಸ್ತಿ ಎಂದು ಕರೆಯಲಾರೆ.

ಬೀಟಲ್ಸ್ ಅಭಿಮಾನಿಗಳ ನಡುವೆ ಇದೇ ವಾದ ಬೇರೆ ರೂಪದಲ್ಲಿ ನಡೆಯಿತು. 1969ರ ಜನವರಿಯಲ್ಲಿ ಆ ತಂಡದ ತಾಲೀಮನ್ನೂ ಕಟ್ಟಡದ ಮಾಳಿಗೆಯ ಮೇಲಿನ ಅವರ ಕೊನೆಯ ಕಛೇರಿಯನ್ನೂ 16 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದರು. 2021ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ಅದನ್ನು ಮೂರು ಕಂತುಗಳ ‘ಗೆಟ್ ಬ್ಯಾಕ್’ ಮಾಡಿ ತಂದಾಗ ಬಣ್ಣ ನೋಡಿ ಬೆರಗಾದವರೇ ಹೆಚ್ಚು. ಆದರೆ ಫಿಲ್ಮಿನ ಕಾಳನ್ನು (ಗ್ರೇನ್) ಅತಿಯಾಗಿ ಒರೆಸಿ ಮುಖಗಳಿಗೆ ಮೇಣದ ಮೆರುಗು ಬಂದಿದೆ ಎಂದವರೂ ಇದ್ದರು. 2024ರಲ್ಲಿ ಅದೇ ಸಾಮಗ್ರಿಯ ಹಳೆಯ ಚಿತ್ರ ‘ಲೆಟ್ ಇಟ್ ಬಿ’ ಮರಳಿ ಬಂದಾಗ ಕಾಳು ಹೆಚ್ಚು ಉಳಿದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ತಮಗೆ ಬೇಕಾದದ್ದನ್ನು ಆರಿಸಿಕೊಂಡರು.

ಕನ್ನಡದಲ್ಲಿ ಇಂಥ ಚರ್ಚೆ ನಡೆದದ್ದು ಸಿನಿಮಾ ಸುತ್ತ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 1965ರದು. ಅದು ಬಣ್ಣ ತುಂಬಿಕೊಂಡು 2008ರಲ್ಲಿ ಬಂತು. ದೊರೆ–ಭಗವಾನ್ ಅವರ 1971ರ ‘ಕಸ್ತೂರಿ ನಿವಾಸ’ 2014ರ ನವೆಂಬರಿನಲ್ಲಿ. ರಾಜಕುಮಾರ್ ಅಭಿಮಾನಿಗಳು ಹೊಸ ಚಿತ್ರಕ್ಕೆ ಮಾಡಿದಂತೆಯೇ ಸಂಭ್ರಮ ಮಾಡಿದರು, ಆ ಸಂಭ್ರಮ ನಿಜವಾದದ್ದು. ಕಪ್ಪು–ಬಿಳುಪಿನ ಛಾಯಾಗ್ರಾಹಕ ನೆರಳನ್ನು ಲೆಕ್ಕ ಹಾಕಿ ಇಟ್ಟಿರುತ್ತಾನೆ, ಬಣ್ಣ ಆ ಲೆಕ್ಕವನ್ನು ಕೆಡಿಸುತ್ತದೆ ಎಂಬ ಆಕ್ಷೇಪವೂ ನಿಜವೇ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇನ್ನೊಂದು ದಾರಿ ಹಿಡಿಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆಗೂಡಿ ಅದನ್ನು ಕಪ್ಪು–ಬಿಳುಪಿನಲ್ಲೇ ಹಸನು ಮಾಡಿದವು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ನನ್ನ ಒಲವು ಈ ಎರಡನೆಯ ದಾರಿಯ ಕಡೆಗೆ.

ಬಯಲಾಟದ ಟೇಪಿಗೆ ಬಣ್ಣದ ಪ್ರಶ್ನೆ ಇನ್ನೂ ಸೂಕ್ಷ್ಮ. ಅರದಾಳ ಬಳಿದ ಮುಖ, ಕಣ್ಣಿನ ಕಾಡಿಗೆ, ಕಿರೀಟದ ಬೇಗಡೆ, ಇವೆಲ್ಲ ಗ್ಯಾಸ್‌ಬತ್ತಿಯ ಹಳದಿ ಬೆಳಕಿಗೆ ಹೊಂದಿಸಿಕೊಂಡು ಬಂದ ವೇಷ. ತಂತ್ರಾಂಶದ ‘ಆಟೊ ಕಲರ್’ ಗುಂಡಿ ಒತ್ತಿದರೆ ಅದು ಚೌಕಟ್ಟಿನಲ್ಲಿ ಬಿಳಿ ಯಾವುದೆಂದು ಹುಡುಕಿ ಎಲ್ಲವನ್ನೂ ಹಗಲಿನ ಬೆಳಕಿಗೆ ಎಳೆಯುತ್ತದೆ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಮಂಗಳಾರತಿಗೆ ಮುಗಿಯುವ ಆಟ ಮಧ್ಯಾಹ್ನ ಹನ್ನೆರಡರ ಆಟವಾಗಿಬಿಡುತ್ತದೆ.

ಇನ್ನು ಧ್ವನಿ. ನಮ್ಮ ಸೀಮೆಯ ನಿಜವಾದ ಆಸ್ತಿ ಇರುವುದು ಇಲ್ಲಿ, ಹೆಚ್ಚು ಹಾನಿಯಾಗುತ್ತಿರುವುದೂ ಇಲ್ಲೇ.

ಆಡಿಯೊ ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗೂ ಕಿರಿದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಆಕಾಶವಾಣಿಯಂಥ ಕಡೆ ಬಳಸುತ್ತಿದ್ದ ಸ್ಪೂಲ್ ಟೇಪು ಇದಕ್ಕಿಂತ ಅಗಲ, ವೇಗವೂ ನಾಲ್ಕೆಂಟು ಪಟ್ಟು ಹೆಚ್ಚು. 1950ರಲ್ಲಿ ಶುರುವಾದ ಧಾರವಾಡ ನಿಲಯದಲ್ಲಿ ಮುದ್ರಣವಾದ ಮಲ್ಲಿಕಾರ್ಜುನ ಮನಸೂರರ ಧ್ವನಿಯನ್ನೂ ಜಾತ್ರೆಯ ಪೆಂಡಾಲಿನಲ್ಲಿ ಸಿಕ್ಕ ಧ್ವನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜಾತ್ರೆಯ ಟೇಪಿನಲ್ಲಿ ಜನರೇಟರಿನ ಗುಂಯ್‌ಗುಡುವಿಕೆ ಇದೆ, ಮೈಕಿನ ಕೀಂಚಲಿದೆ, ಟೇಪಿನದೇ ‘ಸ್ಸ್’ ಎಂಬ ಸದ್ದಿದೆ. ಇವಿಷ್ಟು ತೆಗೆಯತಕ್ಕವು. ಕರೆಂಟಿನಿಂದ ಬಂದ ಗುಂಯ್‌ಕಾರವಾದರೆ 50 ಹರ್ಟ್ಸ್ ಮತ್ತು ಅದರ ಇಮ್ಮಡಿ–ಮುಮ್ಮಡಿಗಳಲ್ಲಿ ಕೂತಿರುತ್ತದೆ, ಅಷ್ಟನ್ನೇ ಕತ್ತರಿಸಬಹುದು. ಎಷ್ಟೋ ಸಲ ಧ್ವನಿ ಮಂಕಾಗಿರುವುದಕ್ಕೆ ಟೇಪು ಹಾಳಾಗಿರುವುದು ಕಾರಣವೇ ಅಲ್ಲ. ತುಂಬಿದ ಯಂತ್ರದ ಹೆಡ್ಡು ಒಂದು ಓರೆಯಲ್ಲಿರುತ್ತದೆ, ಕೇಳುವ ಯಂತ್ರದ್ದು ಇನ್ನೊಂದು ಓರೆಯಲ್ಲಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ತಾಳದ ಝಣಕಾರ ತಾನಾಗಿ ತೆರೆದುಕೊಳ್ಳುತ್ತದೆ. ಯಾವ ತಂತ್ರಾಂಶವೂ ಬೇಡ. ಟೇಪನ್ನು ಕಂಪ್ಯೂಟರಿಗೆ ಇಳಿಸುವ ಮೊದಲೇ ಮಾಡಬೇಕಾದ ಕೆಲಸವಿದು, ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ.

ಗದ್ದಲ ತೆಗೆಯುವ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅಪಾಯವೂ ತಿಳಿಯುತ್ತದೆ. ಹಳೆಯ ಬಗೆಯದು, ಯಾರೂ ಹಾಡದ ಒಂದು ಕ್ಷಣವನ್ನು ಮಾದರಿಯಾಗಿ ತೆಗೆದುಕೊಂಡು, ಅಲ್ಲಿರುವ ಸದ್ದನ್ನು ಇಡೀ ಟೇಪಿನಿಂದ ಕಳೆಯುತ್ತದೆ. ಸಣ್ಣಾಟದಲ್ಲಿ ಅಂಥ ಕ್ಷಣವೇ ಇಲ್ಲ. ಹಾಡು ನಿಂತಲ್ಲಿ ಹಿಮ್ಮೇಳ ಎತ್ತಿಕೊಳ್ಳುತ್ತದೆ, ಹಿಮ್ಮೇಳ ನಿಂತಲ್ಲಿ ಜನ ಎತ್ತಿಕೊಳ್ಳುತ್ತಾರೆ. ಪೇಟಿಯ (ಹಾರ್ಮೋನಿಯಂ) ಸುರ್ ಒಂದೇ ಸಮ ಹಿಡಿದಿರುತ್ತದೆ. ಒಂದೇ ಸಮ ಇರುವುದನ್ನೆಲ್ಲ ಗದ್ದಲ ಎಂದು ತಿಳಿಯುವ ತಂತ್ರಾಂಶ ಆ ಸುರನ್ನೇ ತಿನ್ನಲು ತೊಡಗುತ್ತದೆ. ಹೊಸ ಬಗೆಯ ಆ್ಯಪ್‌ಗಳು ಹೆಚ್ಚಾಗಿ ಫೋನಿನ ಮಾತನ್ನು ಸ್ಪಷ್ಟ ಮಾಡಲೆಂದು ತಯಾರಾದವು. ಅವಕ್ಕೆ ಮನುಷ್ಯನ ಮಾತೊಂದೇ ಬೇಕು. ಗೀಗೀ ಮೇಳದ ದಪ್ಪು ಅವಕ್ಕೆ ಬಾಗಿಲು ಬಡಿದ ಸದ್ದು, ತುಂತುಣಿ ಯಂತ್ರದ ದೋಷ. ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಯ ರಾತ್ರಿ ತುಂಬಿದ ಚೌಡಿಕೆ ಪದವನ್ನು ಅದರೊಳಗೆ ಹಾಕಿದರೆ ಒಂಟಿ ತಂತಿಯ ಮಿಡಿತ ಅರ್ಧ ಕರಗಿ, ‘ಉಧೋ ಉಧೋ’ ಎಂಬ ಸಾವಿರ ಗಂಟಲು ಪೂರ್ತಿ ಅಳಿದು, ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂತು ಹಾಡಿದಂಥ ಧ್ವನಿ ಹೊರಬರುತ್ತದೆ. ಆ ತಾಯಿ ಗುಡ್ಡದ ಮೇಲೆ ಹಾಡಿದ್ದು ಒಬ್ಬಳೇ ಕೂತು ಅಲ್ಲ. ಆ ಕೂಗು ಬಂದಾಗ ಅವಳ ದನಿ ಒಂದು ಮೆಟ್ಟಿಲು ಏರುತ್ತಿತ್ತು. ಕೂಗನ್ನು ತೆಗೆದರೆ ಏರಿದ್ದು ಯಾಕೆಂದು ಕೇಳುವವರಿಗೆ ತಿಳಿಯುವುದಿಲ್ಲ.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಮತ್ತು ಸಿತಾರ್ ವಾದಕ ರವಿಶಂಕರ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ಏರ್ಪಡಿಸಿದ್ದರು. ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ವಾದ್ಯಗಳ ಶ್ರುತಿ ಹೊಂದಿಸಿ ಮುಗಿಸುತ್ತಿದ್ದಂತೆ ಸಭೆ ಅದನ್ನೇ ರಾಗವೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿತು. ಶ್ರುತಿಯೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಗುತ್ತ ನಯವಾಗಿ ಹೇಳಿದರು. ಆ ಚಪ್ಪಾಳೆ ಧ್ವನಿಮುದ್ರಿಕೆಯಲ್ಲೂ ಚಿತ್ರದಲ್ಲೂ ಇದೆ. ಯಾರಾದರೂ ಅದನ್ನು ತಪ್ಪೆಂದು ಕತ್ತರಿಸಿದ್ದರೆ, ನಮ್ಮ ಸಂಗೀತ ಆ ದಿನ ಎಂಥ ಸಭೆಯ ಮುಂದೆ ನಿಂತಿತ್ತು ಎಂಬ ಸಾಕ್ಷಿಯೇ ಇಲ್ಲವಾಗುತ್ತಿತ್ತು.

ನಮ್ಮಲ್ಲಿ ಸಾಕ್ಷಿ ಇದಕ್ಕಿಂತ ಗಟ್ಟಿ. ಬೈಲಹೊಂಗಲದ ಕಥೆ ‘ಸಂಗ್ಯಾ–ಬಾಳ್ಯಾ’ ತೆಗೆದುಕೊಳ್ಳಿ. ಗೆಳೆಯನ ನೆಚ್ಚಿಕೆ, ಗಂಗಿಯ ಮೇಲಿನ ಮೋಹ, ಅವಳ ಗಂಡ ಈರ್ಯಾ ಮತ್ತು ಅವನ ತಮ್ಮಂದಿರ ಸೇಡು, ಕೊನೆಗೆ ಬಾಳ್ಯಾನ ದ್ರೋಹ. ಬೈಲವಾಡದ ಪತ್ತಾರ ಮಾಸ್ತರರ ಹೆಸರಿನೊಡನೆ ಬೆಳೆದುಬಂದ ಈ ಸಣ್ಣಾಟವನ್ನು ಚಂದ್ರಶೇಖರ ಕಂಬಾರರು ನಾಡಿಗೆಲ್ಲ ಪರಿಚಯಿಸಿದರು. ಅದಕ್ಕೂ ಬಹಳ ಹಿಂದೆ, 1880ರ ದಶಕದಲ್ಲಿ, ಜಾನ್ ಫ್ಲೀಟ್ ಎಂಬ ಅಧಿಕಾರಿ ಈ ಭಾಗದ ಲಾವಣಿಗಳನ್ನು ಬರೆದುಕೊಂಡು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ ಅದರಲ್ಲಿದೆ, ಹಲಗಲಿಯ ಬೇಡರದಿದೆ, ಸಂಗ್ಯಾನ ಕೊಲೆಯದೂ ಇದೆ. ಫ್ಲೀಟ್ ಮಾಡಿದ್ದು ಉಪಕಾರ. ಆದರೆ ಕಾಗದದ ಮೇಲೆ ಉಳಿದದ್ದು ಪದ ಮಾತ್ರ. ಯಾವ ಕಟ್ಟೆಯ ಮೇಲೆ ಹಾಡಿದರು, ಯಾವ ನುಡಿಗೆ ಜನ ‘ಹೌದಲೇ’ ಅಂದರು, ಎಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು, ಏನೂ ಗೊತ್ತಿಲ್ಲ. ಆಗ ಯಂತ್ರ ಕೈಗೆ ಸಿಗುವಂತಿರಲಿಲ್ಲ, ಆ ಕೊರತೆಗೆ ಯಾರನ್ನೂ ದೂರಲಾಗದು. ಮುಂದಿನ ಕಾಲದಲ್ಲೂ ಅದೇ ಕೊರತೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ರಂಗನಟ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಜನರ ಮನಸ್ಸಿನಲ್ಲಿ ನಿಂತವರು. ಅವರ ಕಂಪನಿಯ ಏರುಗಾಲ ಮನೆಮನೆಗೆ ಟೇಪ್‌ರೆಕಾರ್ಡರ್ ಬರುವುದಕ್ಕೆ ಮೊದಲಿನದು. ಯಂತ್ರ ಬಂದ ಮೇಲಿನ ಕಾಲದ ಟೇಪಿನಲ್ಲಿ ಇರುವ ಜನರ ಸದ್ದನ್ನು ನಾವಾಗಿಯೇ ಅಳಿಸಿ, ಮತ್ತೆ ಫ್ಲೀಟನ ಕಾಗದಕ್ಕೆ ಹಿಂದಿರುಗುವುದೆಂದರೆ ನನಗೆ ಸಂಕಟವಾಗುತ್ತದೆ.

ಕಂಪನಿ ನಾಟಕದಲ್ಲಿ ‘ಒನ್ಸ್ ಮೋರ್’ ಕೂಗಿದಾಗ ನಟ ಸತ್ತು ಬಿದ್ದಿದ್ದರೂ ಎದ್ದು ಮತ್ತೆ ಹಾಡುತ್ತಿದ್ದ ಕಾಲವಿತ್ತು. ಎರಡನೆಯ ಸಲದ ಹಾಡು ಮೊದಲಿನಂತಿರುವುದಿಲ್ಲ. ತಾನ ಹೆಚ್ಚು, ದನಿ ಬಿಚ್ಚು. ಟೇಪು ಹಸನು ಮಾಡುವವರು ‘ಅದೇ ಹಾಡು ಎರಡು ಸಲ ಬಂದದ’ ಅಂತ ಒಂದನ್ನು ತೆಗೆದುಹಾಕಿದರೆ ಯಾವುದು ಹೋಯಿತೋ ಅದೇ ಚಿನ್ನವಿರಬಹುದು.

ಅಭಿಮಾನಿಯ ಮಾತಿಗೆ ಇಷ್ಟು ಬೆಲೆ ಕೊಡಬೇಕೇ ಎಂದು ಕೆಲವರಿಗೆ ಅನಿಸಬಹುದು. ಕೊಡಲೇಬೇಕು, ಯಂತ್ರಕ್ಕೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುತ್ತದೆ. ಸೆಲ್ಲು ಹಾಕಿ ಓಡಿಸುವ ಟೇಪ್‌ರೆಕಾರ್ಡರಿನಲ್ಲಿ ಬೆಳಗಿನ ಜಾವದ ಹೊತ್ತಿಗೆ ಸೆಲ್ಲು ಇಳಿದು ಮೋಟಾರು ನಿಧಾನವಾಗುತ್ತದೆ. ಹಾಗೆ ನಿಧಾನವಾಗಿ ತುಂಬಿದ್ದನ್ನು ಮಾಮೂಲು ವೇಗದಲ್ಲಿ ಹಚ್ಚಿದರೆ ಹಾಡು ಓಡುತ್ತದೆ, ದನಿ ಕೀರಲಾಗುತ್ತದೆ. ಕಂಪ್ಯೂಟರಿಗೆ ಇದು ತಪ್ಪೆಂದು ತಿಳಿಯುವುದಿಲ್ಲ. ಆ ಮೇಳದ ಬೆನ್ನು ಹತ್ತಿ ಊರೂರು ತಿರುಗಿದ ಹಿರಿಯರು ಮೊದಲ ನುಡಿಗೇ ಹಿಡಿಯುತ್ತಾರೆ: ‘ಇದು ಅವನ ದನಿ ಅಲ್ಲೋ ತಮ್ಮಾ, ಅಂವ ಹಾಡೂದು ಕರಿ ಎರಡರಾಗ. ಇದು ಭಾಳ ಮ್ಯಾಲ ಹೋಗೇದ.’ ಕರಿ ಎರಡೆಂದರೆ ಪೇಟಿಯ ಎರಡನೆಯ ಕಪ್ಪು ಮನೆ. ಪೇಟಿಯ ಮನೆಗಳು ಬದಲಾಗುವುದಿಲ್ಲವಾದ್ದರಿಂದ ಅವರ ಮಾತನ್ನು ಪರೀಕ್ಷಿಸಬಹುದು. ಪೇಟಿ ಕರಿ ಎರಡಕ್ಕೆ ಕೂರುವವರೆಗೆ ವೇಗ ಇಳಿಸಿದರೆ ಹಾಡಿನ ನಡೆಯೂ ತನ್ನ ಜಾಗಕ್ಕೆ ಬರುತ್ತದೆ. ಸ್ಟುಡಿಯೊದವರಿಗೆ ಇಷ್ಟು ಕರಾರುವಾಕ್ಕಾದ ಅಳತೆಗೋಲು ಬೇರೆ ಎಲ್ಲಿ ಸಿಗಬೇಕು?

ಹಿರಿಯರು ಹೇಳಿದ್ದೆಲ್ಲ ಸರಿಯೇ ಎಂದೇನೂ ಅಲ್ಲ. ಸವೆದ ಕ್ಯಾಸೆಟ್ಟನ್ನೇ ಮೂವತ್ತು ವರ್ಷ ಕೇಳಿದ ಕಿವಿಗೆ ಆ ಮಂಕು ದನಿಯೇ ಪ್ರೀತಿಯಾಗಿರುತ್ತದೆ. ಶುಚಿಯಾದ ಪ್ರತಿ ಕೇಳಿಸಿದಾಗ ‘ಮೊದಲಿನದs ಚಂದಿತ್ತು’ ಅನ್ನುತ್ತಾರೆ. ರಾಕ್ ಅಭಿಮಾನಿಗಳಲ್ಲೂ ಇದು ಸಾಮಾನ್ಯ. ಹಳೆಯ ಎಲ್‌ಪಿಯ ಹದವನ್ನು ಯಾವ ಹೊಸ ಮಿಶ್ರಣವೂ ಮುಟ್ಟಲಿಲ್ಲ ಎನ್ನುವವರು ಪ್ರತಿ ಬಾರಿಯೂ ಇರುತ್ತಾರೆ. ಇನ್ನೊಂದು ಕಡೆ ಇವತ್ತಿನ ಹುಡುಗ ಇಯರ್‌ಫೋನಿನಲ್ಲಿ ಕೇಳುತ್ತಾನೆ. ಅವನಿಗೆ ಟೇಪಿನ ‘ಸ್ಸ್’ ಸದ್ದು ತಡೆಯಲಾಗದು, ಎರಡು ನಿಮಿಷಕ್ಕೆ ಬಿಟ್ಟು ಹೋಗುತ್ತಾನೆ. ಅವನೂ ಬೇಕು ನಮಗೆ. ಅವನಿಲ್ಲದಿದ್ದರೆ ಮುಂದಿನ ಮೂವತ್ತು ವರ್ಷ ಈ ಹಾಡನ್ನು ಕೇಳುವವರು ಯಾರು? ಆದ್ದರಿಂದ ಪ್ರತಿ ಎರಡು ಇರಲಿ. ಒಂದು, ಟೇಪಿನಲ್ಲಿ ಇದ್ದದ್ದು ಇದ್ದಂತೆ: ಒಳ್ಳೆಯ ಡೆಕ್ಕಿನಿಂದ, 24 ಬಿಟ್ಟಿನಲ್ಲಿ, ಎಂಪಿ3 ಮಾಡದೆ ಇಳಿಸಿ, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟದ್ದು. ಇನ್ನೊಂದು, ಕೇಳಲು ಹಿತವಾಗುವಷ್ಟು ಹದವಾಗಿ ಶುಚಿ ಮಾಡಿದ್ದು. ಎರಡನೆಯದರ ಬಗ್ಗೆ ಎಷ್ಟಾದರೂ ಜಗಳವಾಡೋಣ. ಮೊದಲನೆಯದು ಇದ್ದರೆ ಜಗಳ ಮುಗಿದ ಮೇಲೆ ಮತ್ತೆ ಮೊದಲಿನಿಂದ ಮಾಡಬಹುದು. ಪೊಂಪೇ ಚಿತ್ರ 2003ರ ಸೇರ್ಪಡೆಗಳಿಂದ ಪಾರಾಗಿ ಬಂದದ್ದು ಮೂಲ ನೆಗೆಟಿವ್ ಡಬ್ಬಿಯಲ್ಲಿ ಉಳಿದಿದ್ದಕ್ಕೇ.

ಕ್ಯಾಸೆಟ್ಟಿನ ಒಂದು ಬದಿ ಮೂವತ್ತೋ ನಲವತ್ತೈದೋ ನಿಮಿಷ. ತಿರುವಿ ಹಾಕುವ ಹೊತ್ತಿಗೆ ಎರಡು ನುಡಿ ಹೋಗಿರುತ್ತವೆ. ಆ ಖಾಲಿಯನ್ನು ಯಂತ್ರದಿಂದ ಅದೇ ದನಿ ಹುಟ್ಟಿಸಿ ತುಂಬುವುದು ಈಗ ಸಾಧ್ಯವಿದೆ. ದಯವಿಟ್ಟು ಮಾಡಬೇಡಿ. ಹೋದ ನುಡಿ ಬಲ್ಲವರಿದ್ದರೆ ಅವರಿಂದ ಹಾಡಿಸಿ ಬೇರೆ ಫೈಲಿನಲ್ಲಿ ಇಡಿ, ಹಾಡಿದವರ ಹೆಸರೂ ತಾರೀಖೂ ಸೇರಿಸಿ.

ಇನ್ನು ಎಲ್ಲರೂ ಮೊದಲು ಕತ್ತರಿಸುವ ಭಾಗದ ಬಗ್ಗೆ. ಆಟ ಬಿರುಸಾದಾಗ ನಡುವೆ ಹಾಡು ನಿಲ್ಲಿಸಿ ಮೈಕಿನಲ್ಲಿ ಆಹೇರಿ ಕೂಗುತ್ತಾರೆ. ಇಂಥ ಊರಿನ ಇಂಥವರು ಗಂಗಿಯ ಪಾತ್ರಧಾರಿಗೆ ಐವತ್ತೊಂದು ರೂಪಾಯಿ, ಇಂಥ ಓಣಿಯ ತರುಣ ಮಂಡಳದವರು ಪೇಟಿ ಮಾಸ್ತರರಿಗೆ ಇಪ್ಪತ್ತೊಂದು ರೂಪಾಯಿ. ಒಂದು ರಾತ್ರಿಯಲ್ಲಿ ಹತ್ತಾರು ಸಲ ಬರುತ್ತದೆ. ರಸಭಂಗ ಎಂದು ಇದನ್ನು ತೆಗೆಯುವವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಟೇಪಿನ ಡಬ್ಬಿಯ ಮೇಲೆ ಏನೂ ಬರೆದಿರುವುದಿಲ್ಲ, ಬರೆದಿದ್ದರೆ ‘ಸಂಗ್ಯಾ ಬಾಳ್ಯಾ 2’ ಅಂತ ಪೆನ್ಸಿಲ್ಲಿನಲ್ಲಿ ಇಷ್ಟೇ. ಆಟ ಯಾವ ಊರಲ್ಲಿ ಆಯಿತು, ಯಾವ ಜಾತ್ರೆಗೆ, ಸ್ತ್ರೀಪಾತ್ರ ಮಾಡಿದವರು ಯಾರು, ಪೇಟಿ ಹಿಡಿದವರು ಯಾರು, ನೋಡಲು ಯಾವ್ಯಾವ ಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು — ಇವಿಷ್ಟನ್ನೂ ಹೇಳುವುದು ಆ ಆಹೇರಿಯ ಕೂಗು ಒಂದೇ. ನಿಮ್ಮ ಮನೆಯಲ್ಲಿ ಅಂಥ ಟೇಪಿದ್ದರೆ ಇಳಿಸುವಾಗ ಆ ಭಾಗವನ್ನು ಬಿಡಬೇಡಿ. ಕೂಗಿದ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ, ಆ ಊರಿಗೆ ಹೋಗಿ ಹಿರಿಯರ ಮುಂದೆ ಟೇಪು ಹಚ್ಚಿ, ಯಾರು ಯಾರೆಂದು ಕೇಳಿ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ದೀಪಾವಳಿಯ ರಜೆಗೆ ಊರಿಗೆ ಬರುವ ಮಕ್ಕಳಿಗೆ ಈ ಕೆಲಸ ಹಚ್ಚಬಹುದು.